ಕೈಯಿಲ್ಲದ ಕುರ್ಚಿ: ಒಂದು

ಹೊಳೆನರಸೀಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಾನು ಹಂಗಾಮಿ ಮೇಷ್ಟ್ರಾಗಿದ್ದೆ. ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಎಸ್ಸೆಸ್ಸೆಲ್ಸಿ ಪಾಸಾಗಿದ್ದೆ ಅನ್ನುವುದು ಬಿಟ್ಟರೆ ಪಾಠ ಹೇಳುವುದಕ್ಕೆ ನನ್ನಲ್ಲಿ ಬೇರೆ ಯೋಗ್ಯತೆ ಇರಲಿಲ್ಲ. ಶಾಲೆ ತೆರೆದ ದಿನದಿಂದ ಬೇಸಿಗೆ ರಜದವರೆಗೆ ಒಂದು ದಿನವೂ ಮುರಿಯದೆ ಕೆಲಸ ಮಾಡಿದವನನ್ನು ಹಾಸನದಲ್ಲಿ ಟ್ರೈನಿಂಗಿಗೆ ತೆಗೆದುಕೊಳ್ಳುತ್ತಾರೆ ಎಂದು ಕಚೇರಿಯ ಗುಮಾಸ್ತರು ಹೇಳಿದ್ದರು. ಟ್ರೈನಿಂಗ್ ಆದರೆ ಕಾಯಂ. ಆಗದಿದ್ದರೆ ಜನ್ಮಪೂರ್ತಿ ಹಂಗಾಮಿ. ನಾನು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ದಿನ ಎಣಿಸುತ್ತಿದ್ದೆ.

ಫೆಬ್ರವರಿಯಲ್ಲಿ ಎಡವಟ್ಟಾಯಿತು. ಚನ್ನರಾಯಪಟ್ಟಣದ ಯಾವುದೋ ಶಾಲೆಯಲ್ಲಿ ಮಕ್ಕಳು ಕಡಿಮೆಯಾಗಿ ಒಬ್ಬ ಮೇಷ್ಟ್ರು ಹೆಚ್ಚಾದರಂತೆ. ಅವರನ್ನು ನಮ್ಮ ಒಬ್ಬರೇ ಮೇಷ್ಟ್ರ ಶಾಲೆಗೆ ಹಾಕಿದರು. ಒಂದು ಟ್ರಂಕು, ಒಂದು ಕೊಡೆ, ಒಂದು ಅಲಾರಂ ಗಡಿಯಾರ ಹಿಡಿದುಕೊಂಡು ಅವರು ಬಸ್ಸಿಳಿದು ಬಂದರು. ಪಿಂಚಣಿಗೆ ಹತ್ತಿರವಾದ ವಯಸ್ಸು, ಹಣೆಯ ಮೇಲೆ ಕನ್ನಡಕ. ಅವರು ಚಾರ್ಜ್ ತೆಗೆದುಕೊಂಡ ದಿನವೇ ನನ್ನ ಕೆಲಸ ಹೋಗುವುದಿತ್ತು.

ಚಾರ್ಜ್ ಅಂದರೆ ಶಾಲೆಯ ಸಾಮಾನಿನ ಪಟ್ಟಿ. ಮೇಜು, ಕುರ್ಚಿ, ಬೋರ್ಡು, ಗಂಟೆ, ಭೂಪಟ, ಗ್ಲೋಬು, ಹೀಗೆ ಒಂದೊಂದನ್ನೂ ತೋರಿಸಿ ನಾನು ಒಪ್ಪಿಸಬೇಕು, ಅವರು ನೋಡಿ ರುಜು ಹಾಕಬೇಕು. ಹಿಂದೆ ಅರಕಲಗೂಡಿನಲ್ಲಿ ಅವರು ನೋಡದೆ ರುಜು ಹಾಕಿ, ಇಲ್ಲದ ಒಂದು ಬೀರುವಿಗೆ ನಾಲ್ಕು ವರ್ಷ ವಿವರಣೆ ಬರೆದಿದ್ದರಂತೆ. ಅಲ್ಲಿಂದಾಚೆಗೆ ಕಣ್ಣಲ್ಲಿ ನೋಡಿ, ಕೈಯಲ್ಲಿ ಮುಟ್ಟಿದ ಮೇಲೆಯೇ ಅವರ ರುಜು.

ಇದನ್ನು ನಾನು ನನ್ನ ಮನೆಯೊಡತಿ ಅಜ್ಜಿಗೆ ಹೇಳಿಕೊಂಡೆ. ಅವಳ ಜಗುಲಿಯ ಕೋಣೆಯಲ್ಲಿ ನನ್ನ ವಾಸ. ಸಂಜೆ ಹೊತ್ತು ಅವಳೊಡನೆ ಚೌಕಾಬಾರ ಆಡಿ ಸೋಲುವುದು ನನ್ನ ಎರಡನೇ ಉದ್ಯೋಗವಾಗಿತ್ತು. ಅಷ್ಟು ಚೆನ್ನಾಗಿ ಸೋಲುವವನನ್ನು ಕಳೆದುಕೊಳ್ಳಲು ಅವಳು ತಯಾರಿರಲಿಲ್ಲ.

"ಅಂಗಾದ್ರೆ ಒಂದು ಸಾಮಾನು ಕಾಣ್ದಂಗಾದ್ರೆ ಆವಯ್ಯ ರುಜು ಆಕಾಕಿಲ್ವಾ?" ಎಂದಳು.

"ಇಲ್ಲಜ್ಜಿ."

"ಮತ್ಯಾಕಪ್ಪ ಮೊಕ ಇಳೇಬುಟ್ಕೊಂಡಿದ್ದೀಯ? ಒಂದ ತತ್ತಾ, ನಮ್ಮ ಗುಡಾಣದಾಗೆ ಮಡಗ್ತೀನಿ."

ಹೀಗೆ ನಮ್ಮ ಶಾಲೆಯ ಗ್ಲೋಬು ಅವಳ ರಾಗಿ ಗುಡಾಣದೊಳಗೆ ಇಳಿಯಿತು.

ಮರುದಿನ ಹೊಸ ಮೇಷ್ಟ್ರು ಪಟ್ಟಿ ಹಿಡಿದು ನಿಂತರು. "ಗ್ಲೋಬ್ ಎಲ್ರೀ?"

"ರಿಪೇರಿಗೆ ಹೊಳೆನರಸೀಪುರಕ್ಕೆ ಹೋಗಿದೆ ಸಾರ್."

"ಭೂಮಿಗೆ ಏನಾಯ್ತು?"

"ಅಚ್ಚು ಸಡಿಲ ಆಗಿತ್ತು ಸಾರ್. ತಿರುಗಿದರೆ ನಿಲ್ಲುತ್ತಿರಲಿಲ್ಲ."

ಅವರು ಪೆನ್ನಿಗೆ ಮುಚ್ಚಳ ಹಾಕಿ ಜೇಬಿಗಿಟ್ಟರು. ಚಾರ್ಜ್ ಇಲ್ಲದೆ ಪಾಠ ಮಾಡುವ ಅಧಿಕಾರ ಅವರಿಗಿಲ್ಲ, ಬಿಟ್ಟು ಬಂದ ಶಾಲೆಗೆ ವಾಪಸು ಹೋಗುವಂತೆಯೂ ಇಲ್ಲ. ದಿನವೂ ಬಂದು ತರಗತಿಯ ಹಿಂದೆ ಟ್ರಂಕಿನ ಮೇಲೆ ಕೂತರು. ನಾನು ಲೆಕ್ಕ ತಪ್ಪು ಮಾಡಿದರೆ ಒಂದು ಸಲ ಕೆಮ್ಮುತ್ತಿದ್ದರು. ನಾಲ್ಕೇ ದಿನದಲ್ಲಿ ಮಕ್ಕಳಿಗೆ ಇದು ಗೊತ್ತಾಗಿ, ನಾನು ಬೋರ್ಡಿನ ಮೇಲೆ ಉತ್ತರ ಬರೆದ ಕೂಡಲೇ ಇಡೀ ತರಗತಿ ತಿರುಗಿ ಅವರ ಗಂಟಲನ್ನು ನೋಡುತ್ತಿತ್ತು. ಭಿನ್ನರಾಶಿಯ ವಾರದಲ್ಲಂತೂ ಅವರಿಗೆ ನಿಜವಾಗಿಯೇ ಗಂಟಲು ಕಟ್ಟಿತು.

ಎಷ್ಟು ದಿನ ಅಂತ ಭೂಮಿಯನ್ನು ರಿಪೇರಿಯಲ್ಲಿ ಇಡುವುದು? ಎರಡು ವಾರಕ್ಕೆ ಗ್ಲೋಬು ವಾಪಸು ಬಂತು. ಅಲ್ಲಾಡಿಸಿದರೆ ಒಳಗೆ ರಾಗಿ ಸದ್ದು ಮಾಡುತ್ತಿತ್ತು. ಅದು ಬಂದ ದಿನವೇ ಕುರ್ಚಿ ಅಜ್ಜಿಯ ಅಟ್ಟ ಹತ್ತಿತು. ಆ ವಾರ ಪಟೇಲರ ಮನೆಯ ಮದುವೆಗೆ ಶಾಲೆಯ ಕುರ್ಚಿ ಕೊಟ್ಟಿದ್ದೆವು, ವಾಪಸು ಬಂದಿಲ್ಲ ಎಂದು ಹೇಳಿದೆ. ಕೊಟ್ಟಿದ್ದು ನಿಜ. ಬಂದಿಲ್ಲ ಅನ್ನುವುದಷ್ಟೇ ನನ್ನ ಕೈವಾಡ.

ಅದು ಪಟೇಲರ ಕಿವಿಗೆ ಬಿತ್ತು. ಮಾನಸ್ಥರು, ತಮ್ಮ ಮನೆಯಿಂದ ಸರ್ಕಾರದ ಕುರ್ಚಿ ಕಳೆಯಿತೆಂದರೆ ಸುಮ್ಮನಿರುತ್ತಾರೆಯೇ? ತಮ್ಮದೇ ತೇಗದ ಕುರ್ಚಿಯನ್ನು ಆಳಿನ ತಲೆಯ ಮೇಲೆ ಹೊರಿಸಿಕೊಂಡು ಬಂದರು. ಸಿಂಹದ ಮುಖ ಕೆತ್ತಿದ ಎರಡು ಕೈಗಳಿದ್ದ ಕುರ್ಚಿ. ಇನ್ನು ರುಜು ಬಿತ್ತೆಂದೇ ಎಣಿಸಿದೆ. ಹೊಸ ಮೇಷ್ಟ್ರು ಕನ್ನಡಕ ಕೆಳಗಿಳಿಸಿ ಪಟ್ಟಿ ಓದಿದರು: "ಕೈಯಿಲ್ಲದ ಕುರ್ಚಿ, ಒಂದು. ಇದಕ್ಕೆ ಕೈ ಇದೆಯಲ್ಲ ಪಟೇಲರೇ."

"ಅದ್ಕ್ಯಾಕೆ ಯೋಚ್ನೆ ಮಾಡ್ತೀರಿ ಸಾ? ಬಡಗೀನ ಕರ್ಸಿ ಕೈಯ ಕುಯ್ಸಾಕ್ಬುಡಾನ."

"ಬೇಡ, ಬೇಡ. ನಾಳೆ ಆ ಕುರ್ಚಿ ಸಿಕ್ಕಿದರೆ ಇದು ಹೆಚ್ಚಾಗುತ್ತೆ. ಹೆಚ್ಚಾದದ್ದರ ಪಾಡು ಏನು ಅಂತ ನನ್ನನ್ನ ನೋಡಿದರೆ ತಿಳಿಯೋಲ್ವೆ?"

ಊರೆಲ್ಲ ನಕ್ಕಿತು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ. ಮಾರ್ಚ್ ತಿಂಗಳು ಹಾಗೇ ಕಳೆಯಿತು. ಹೋಳಿಗೆ ಉಂಡು ಯುಗಾದಿಯನ್ನೂ ದಾಟಿಸಿದೆ.

ಏಪ್ರಿಲ್ ಮೊದಲಲ್ಲಿ ಒಂದು ಮಧ್ಯಾಹ್ನ, ಮಕ್ಕಳು ಊಟಕ್ಕೆ ಹೋದಾಗ, ಅವರು ಒಂದು ಹಾಳೆ ತಂದು ನನ್ನ ಮುಂದಿಟ್ಟರು. "ನನ್ನ ಕೈ ಸ್ವಲ್ಪ ನಡುಗುತ್ತೆ. ನಿಮ್ಮ ಅಕ್ಷರ ದುಂಡಗಿದೆ. ಒಂದು ಅರ್ಜಿ ಬರೆದುಕೊಡ್ತೀರಾ?"

ಅವರು ಹೇಳುತ್ತಾ ಹೋದರು, ನಾನು ಬರೆದೆ. ಚನ್ನರಾಯಪಟ್ಟಣದಿಂದ ಬಿಡುಗಡೆಯಾಗಿದ್ದೇನೆ, ಇಲ್ಲಿ ಇನ್ನೂ ಸೇರಿಲ್ಲ. ಎರಡು ತಿಂಗಳಿಂದ ಎಲ್ಲಿಯೂ ಸಂಬಳವಿಲ್ಲ. ಈ ನಡುವಿನ ದಿನಗಳನ್ನು ಸೇವೆ ಮುರಿದಂತೆ ಎಣಿಸಿದರೆ ಪಿಂಚಣಿಗೆ ಧಕ್ಕೆಯಾಗುತ್ತದೆ. ಮನೆಯಲ್ಲಿ ಹೆಂಡತಿ ಹಾಸಿಗೆ ಹಿಡಿದಿದ್ದಾಳೆ. ದಯವಿಟ್ಟು ಈ ದಿನಗಳನ್ನು ಸೇವೆಯೆಂದೇ ಪರಿಗಣಿಸಬೇಕು. ಇಷ್ಟು ಹೇಳಿ ಸ್ವಲ್ಪ ಯೋಚಿಸಿ, ಇನ್ನೊಂದು ಸಾಲು ಸೇರಿಸಿದರು: "ಹಾಲಿ ಇರುವ ಹಂಗಾಮಿ ಉಪಾಧ್ಯಾಯರು ನನಗೆ ಎಲ್ಲ ರೀತಿಯಲ್ಲೂ ಸಹಕಾರ ನೀಡುತ್ತಿದ್ದಾರೆ."

ನನ್ನ ಪೆನ್ನು ನಿಂತಿತು.

"ಯಾಕ್ರೀ, ಇಂಕು ಮುಗೀತೆ?"

"ಇಲ್ಲ ಸಾರ್" ಎಂದು ಬರೆದೆ. ನನ್ನದೇ ದುಂಡು ಅಕ್ಷರದಲ್ಲಿ ಬರೆದೆ. ಅಷ್ಟು ನಾಚಿಕೆ ನನಗೆ ಮತ್ತೆಂದೂ ಆಗಿಲ್ಲ. ಅವರಿಗೆ ವಿಷಯ ಗೊತ್ತಿತ್ತೋ ಇಲ್ಲವೋ, ಇವತ್ತಿಗೂ ನನಗೆ ತಿಳಿಯದು. ಅವರ ಮುಖದಲ್ಲಿ ಏನೂ ಕಾಣಲಿಲ್ಲ.

ಆ ಸಂಜೆ ಅಟ್ಟ ಹತ್ತಿದೆ. ಅಜ್ಜಿ ಕೆಳಗೆ ನಿಂತು ಬೈದಳು. "ರಜಕ್ಕೆ ಇನ್ನೇಟು ದಿನ ಐತ್ಲಾ? ಈಗ ಇಳಿಸ್ತಾವ್ನೆ, ಪೆದ್ದು ನನ್ಮಗ!" ಲೆಕ್ಕ ನನಗೂ ಗೊತ್ತಿತ್ತು. ಹದಿಮೂರು ದಿನ.

ಬೆಳಿಗ್ಗೆ ಕುರ್ಚಿಯನ್ನು ಅವರ ಮುಂದಿಟ್ಟೆ. ಎಲ್ಲಿತ್ತು ಎಂದು ಅವರು ಕೇಳಲಿಲ್ಲ. ನಾಲ್ಕೂ ಕಾಲು ಮುಟ್ಟಿ, ಬೆನ್ನು ಸವರಿ ನೋಡಿದರು. ಒಳ್ಳೆಯ ಕೆಲಸ ಮಾಡಿದ್ದೇನೆ, ಅದಕ್ಕೆ ತಕ್ಕ ಫಲ ಈಗಲೇ ಸಿಗುತ್ತದೆ ಎಂದು ನಾನು ಒಳಗೊಳಗೇ ನಂಬಿದ್ದೆ. ಬಾಯಿಬಿಟ್ಟು ಕೇಳಿಯೂ ಕೇಳಿದೆ.

"ಸಾರ್, ರಜಕ್ಕೆ ಇನ್ನು ಹದಿಮೂರೇ ದಿನ. ಅಷ್ಟು ತುಂಬಿದರೆ ನನಗೆ ಟ್ರೈನಿಂಗ್ ಸಿಗುತ್ತೆ. ಆ ಮೇಲೆ ರುಜು ಹಾಕಿದರೆ ಆಗದೆ?"

ಅವರು ಪೆನ್ನಿನ ಮುಚ್ಚಳ ತೆಗೆದರು. ನನ್ನ ಮುಖ ನೋಡಿದರು.

"ಹದಿಮೂರು ದಿನ ನನಗೂ ಹದಿಮೂರು ದಿನವೇ ಕಣಪ್ಪ" ಎಂದರು. ರುಜು ಹಾಕಿ, ಅದರ ಕೆಳಗೆ ಅವತ್ತಿನ ತಾರೀಕು ಬರೆದರು.

ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ. ಅದು ಆಗಲೇ ನನಗೆ ಗೊತ್ತಿತ್ತು, ಗೊತ್ತಿದ್ದದ್ದರಿಂದ ಕೋಪ ಇನ್ನೂ ಹೆಚ್ಚಾಯಿತು. ಮುಂದಿನ ಜೂನ್‌ನಲ್ಲಿ ಅರಕಲಗೂಡಿನ ಕಡೆಯ ಒಂದು ಶಾಲೆಯಲ್ಲಿ ಮತ್ತೆ ಹಂಗಾಮಿಯಾಗಿ ಸೇರಿ, ಮೊದಲನೇ ದಿನದಿಂದ ಎಣಿಸಲು ಶುರು ಮಾಡಿದೆ.