ಮಗ್ಗ ನಿಂತಾಗ ಕೇಳುವ ತವರ

ಇಲಕಲ್ಲಿನ ನಮ್ಮ ಓಣಿಗೆ ಬೆಳಗಾಗುವುದು ಮಗ್ಗಗಳ ಸದ್ದಿನಿಂದ. ವಿದ್ಯುತ್ ಮಗ್ಗಗಳು ಖಟಾಖಟ್ ಎಂದು ಶುರುವಾದರೆ ಮಾತಾಡುವವರ ದನಿ ತಾನಾಗಿಯೇ ಏರುತ್ತದೆ. ಕರೆಂಟು ಹೋದ ಮೇಲೂ ನಾವು ಸ್ವಲ್ಪ ಹೊತ್ತು ಕೂಗಿಯೇ ಮಾತಾಡುತ್ತಿರುತ್ತೇವೆ. ಅಂಥ ಎರಡು ಮಗ್ಗದ ಮನೆಗಳ ನಡುವೆ ಶಮಶಾದಬಿಯ ಮನೆ. ಕಟ್ಟೆಯ ಮೇಲೆ ಇದ್ದಿಲ ಒಲೆ, ನವಸಾಗರದ ಪುಡಿ, ಅರಳೆ. ಹಿತ್ತಾಳೆ ಪಾತ್ರೆಗಳ ಒಳಮೈಗೆ ತವರ ಕರಗಿಸಿ ಕಲಾಯಿ ಹಾಕುವುದು ಆಕೆಯ ಕೆಲಸ.

ಹೆಂಗಸರು ಈ ಕೆಲಸ ಮಾಡುವುದು ಅಪರೂಪ. ಗಂಡುಮಕ್ಕಳಿಲ್ಲದ ಅಪ್ಪ ಮಗಳಿಗೇ ಕಲಿಸಿದ. ಬೆಂಕಿಗಿಂತ ಮೊದಲು ಕಿವಿಯ ಪಾಠ ಹೇಳಿದ. ತವರದ ಕಡ್ಡಿಯನ್ನು ಕಿವಿಯ ಹತ್ತಿರ ಹಿಡಿದು ಬಗ್ಗಿಸಬೇಕು. ಶುದ್ಧ ತವರವಾದರೆ ಒಲೆಯಲ್ಲಿ ಉಪ್ಪಿನ ಹರಳು ಸಿಡಿದಂತೆ ಸಣ್ಣಗೆ ಚಿರುಗುಟ್ಟುತ್ತದೆ. ಅಗ್ಗದ ಸೀಸ ಬೆರೆಸಿದ್ದರೆ ಸುಮ್ಮನೆ ಬಾಗುತ್ತದೆ. ಬೆಳ್ಳಗೆ ಹೊಳೆಯುವುದು ಮಾತ್ರ ಎರಡೂ ಒಂದೇ.

ಆಕೆಯ ಕಲಾಯಿಯಲ್ಲಿ ಮುಖ ಕಾಣುತ್ತದೆ ಎಂಬ ಮಾತು ಕಮತಗಿಯವರೆಗೂ ಇತ್ತು. ಹಾಗಾಗಿ ಎದುರುಮನೆಯ ಹನಮವ್ವ, ಮೊಮ್ಮಗಳು ಗೀತಾಂಜಲಿಯ ತೊಟ್ಟಿಲ ಕಾರ್ಯಕ್ಕೆ ಬಂದ ಹಿತ್ತಾಳೆ ಬಿಂದಿಗೆಯನ್ನು ಆಕೆಯ ಕೈಗೇ ಕೊಟ್ಟಳು. ಮನೆಯವರೆಲ್ಲ ಮಣ್ಣಿನ ಗಡಿಗೆಯ ನೀರು ಕುಡಿದರೆ ಕೂಸಿಗೆ ಮಾತ್ರ ಬಿಂದಿಗೆಯದು. ಬೇಸಿಗೆಯಲ್ಲಿ ಅದರೊಳಗೇ ಲಿಂಬೆ ಹಿಂಡಿ ಬೆಲ್ಲದ ಪಾನಕ. ಹೊಳಪು ಸ್ವಲ್ಪ ಮಂಕಾದರೂ ಹನಮವ್ವ ಮತ್ತೆ ಕಲಾಯಿ ಹಾಕಿಸುತ್ತಿದ್ದಳು. ಓಣಿಯಲ್ಲಿ ಅಷ್ಟು ಅಕ್ಕರೆಯಿಂದ ನೀರು ಕುಡಿದು ಬೆಳೆದ ಮಗು ಇನ್ನೊಂದಿರಲಿಲ್ಲ.

ಆ ಮಗುವೇ ಮೇಲಿಂದ ಮೇಲೆ ಮಲಗತೊಡಗಿತು. ಜ್ವರ ಇಳಿಯುವಷ್ಟರಲ್ಲಿ ಕಿವಿ ಸೋರುವುದು, ಅದು ನಿಲ್ಲುವಷ್ಟರಲ್ಲಿ ಮೈಮೇಲೆ ಕುರು. ಮುಖ ಬಿಳಿಚಿಕೊಂಡಿತು. ಬಾಗಲಕೋಟೆಯ ಮಕ್ಕಳ ಡಾಕ್ಟರ್ ಪ್ರಾಚಿ ರಕ್ತ ಪರೀಕ್ಷೆಗೆ ಕಳಿಸಿದಾಗ ಅದರಲ್ಲಿ ಸೀಸ ಸಿಕ್ಕಿತು. ನೀರಿನೊಂದಿಗೆ ಒಳಗೆ ಹೋದ ಸೀಸ ರಕ್ತಕ್ಕೂ ಎಲುಬಿಗೂ ಸೇರುತ್ತದೆ, ಮಕ್ಕಳ ಬುದ್ಧಿಯ ಬೆಳವಣಿಗೆಗೆ ಅಡ್ಡಬರುತ್ತದೆ, ರೋಗ ತಡೆಯುವ ಬಿಳಿ ರಕ್ತಕಣಗಳ ಕೆಲಸವನ್ನೂ ಕೆಡಿಸುತ್ತದೆ ಎಂದು ಅವರು ಬಿಡಿಸಿ ಹೇಳಿದರು. ಹನಮವ್ವನಿಗೆ ನೆನಪುಳಿದದ್ದು ಒಂದೇ ಮಾತು: “ಕಾವಲಿನವರು ಮೈಯಾಗ ಅದಾರ್ರಿ. ಆದರ ಕಳ್ಳ ಬಂದಾಗ ಏಳೂದಿಲ್ಲ, ಗಾಳಿ ಬೀಸಿದಾಗ ಎದ್ದು ಗದ್ದಲ ಮಾಡ್ತಾರ.” ಎಲ್ಲ ಜ್ವರಕ್ಕೂ ಇದೇ ಕಾರಣ ಎನ್ನಲಾಗದು, ಆದರೆ ಮೊದಲು ಸೀಸ ಬರುವ ದಾರಿ ಮುಚ್ಚಬೇಕು ಎಂದೂ ಹೇಳಿದರು. ನಳದ ನೀರು ಓಣಿಗೆಲ್ಲ ಒಂದೇ. ಬೇರೆಯಾಗಿದ್ದದ್ದು ಬಿಂದಿಗೆ.

ಹನಮವ್ವ ಜಗಳಕ್ಕೆ ಹೋಗಲಿಲ್ಲ. ಬಿಂದಿಗೆಯನ್ನು ಶಮಶಾದಬಿಯ ಕಟ್ಟೆಯ ಮೇಲಿಟ್ಟು ಡಾಕ್ಟರ್ ಹೇಳಿದ್ದನ್ನು ಹೇಳಿದಳು. ಶಮಶಾದಬಿ ಮುಖ ಬಿಗಿದುಕೊಂಡು ಒಂದು ತವರದ ಕಡ್ಡಿ ಎತ್ತಿ, ಎಂದಿನಂತೆ ಕಿವಿಗೆ ಹಿಡಿದು ಬಗ್ಗಿಸಿದಳು. ಚಲೋ ಮಾಲು ಎಂದಳು.

“ಏನ್ ಕೇಳಿಸ್ತು?” ಎಂದಳು ಹನಮವ್ವ.

ಎಡಕ್ಕೂ ಬಲಕ್ಕೂ ಮಗ್ಗ ಬಡಿಯುತ್ತಿತ್ತು. ಶಮಶಾದಬಿ ಕಡ್ಡಿಯನ್ನು ಮಡಿಲಲ್ಲಿಟ್ಟುಕೊಂಡಳು. ಮಗ್ಗ ನಿಲ್ಲಲೆಂದು ಇಬ್ಬರೂ ಕಾಯುತ್ತ ಕೂತರು. ಮಧ್ಯಾಹ್ನ ಕರೆಂಟು ಹೋಗಿ ಓಣಿ ಸ್ತಬ್ಧವಾದಾಗ ಆಕೆ ಇನ್ನೊಂದು ಕಡ್ಡಿ ಬಗ್ಗಿಸಿದಳು. ಸದ್ದಿಲ್ಲ. ಮತ್ತೊಂದು. ಅದೂ ಮೂಕ.

“ಆಜೂಬಾಜೂ ಮಗ್ಗ ಬಂದಾಗಿಂದ ನಾ ಮಗ್ಗಾನ ಕೇಳೇನಿ, ಹನಮವ್ವಾ,” ಎಂದಳು. “ಕೈ ಬಗ್ಗಸ್ತಿತ್ತು, ಕಿವಿ ಹೂಂ ಅಂತಿತ್ತು.”

ಅಣ್ಣತಮ್ಮಂದಿರಿಲ್ಲದ ಆಕೆಗೆ ಆಸರೆಯಾಗಿದ್ದ ಅಳಿಯ ಜುಬೇರ, ತಪ್ಪು ಮಾರಿದ ಅಂಗಡಿಯವನದು, ನಾವು ಬಾಯಿ ಬಿಟ್ಟರೆ ಊರು ಕೈಬಿಡುತ್ತದೆ ಎಂದು ಬುದ್ಧಿ ಹೇಳಿದ. ಮಾಲು ಅಂಗಡಿಯವನದಾದರೂ ಕಿವಿ ತನ್ನದು ಎಂದಳು ಶಮಶಾದಬಿ. ಮರುದಿನದಿಂದ ಒಲೆ ಹೊತ್ತಿಸಲಿಲ್ಲ. ತಾನು ಕಲಾಯಿ ಹಾಕಿದ ಮನೆಗಳ ಬಾಗಿಲಿಗೆ ತಾನೇ ಹೋದಳು. ಕಮತಗಿಗೂ ಬಸ್ಸು ಹತ್ತಿದಳು. ನನ್ನ ಕಲಾಯಿಯೊಳಗೆ ಸೀಸ ಇದೆ, ಆ ಪಾತ್ರೆ ಬಳಸಬೇಡಿ, ಮಕ್ಕಳ ರಕ್ತ ತೋರಿಸಿ ಎಂದು ನಿಂತು ಹೇಳಿದಳು. ಕೆಲವರು ಬೈದರು. ಕಮತಗಿಯ ಒಬ್ಬ ಮುದುಕಿ ಪಾತ್ರೆಯನ್ನು ಅಂಗಳಕ್ಕೆಸೆದಳಂತೆ. ಶಮಶಾದಬಿ ಅದನ್ನು ಎತ್ತಿ, ಒರೆಸಿ, ಅವಳ ಹೊಸ್ತಿಲ ಮೇಲಿಟ್ಟು ಮುಂದಿನ ಮನೆಗೆ ನಡೆದಳಂತೆ.

ನಮ್ಮ ಓಣಿಯವರು ಈಗ ಆ ಕತೆಯನ್ನು ಬೇರೆ ಊರಿನವರಿಗೆ ಎದೆಯುಬ್ಬಿಸಿ ಹೇಳುತ್ತಾರೆ. ಹೇಳುವವರಲ್ಲಿ ಹನಮವ್ವನೇ ಮೊದಲಿಗಳು.

ಗೀತಾಂಜಲಿ ಸ್ಟೀಲಿನ ತಂಬಿಗೆಗೆ ಹೊಂದಿಕೊಂಡಳು. ರಕ್ತದ ಸೀಸ ನಿಧಾನವಾಗಿ ಇಳಿಯುತ್ತಿದೆ. ಪೂರ್ತಿ ಹೋಗಲು ಕಾಲ ಬೇಕು. ಕಳೆದ ತಿಂಗಳು ಮೊಣಕಾಲು ತರಚಿಕೊಂಡಿದ್ದಳು. ಗಾಯ ಕೀವಾಗದೆ ತಾನೇ ಒಣಗಿತು. ಹನಮವ್ವ ಆ ಹಕ್ಕಳೆಯನ್ನು ಓಣಿಗೆಲ್ಲ ತೋರಿಸಿದಳು.

ನಿನ್ನೆ ಅದೇ ಬಿಂದಿಗೆ ಹಿಡಿದು ಹನಮವ್ವ ಮತ್ತೆ ಶಮಶಾದಬಿಯ ಕಟ್ಟೆಗೆ ಬಂದಳು. ಹಳೆಯ ಕಲಾಯಿಯನ್ನೆಲ್ಲ ಕಿತ್ತು ತೆಗೆದ ಒಳಮೈ ಕಂದುಹಳದಿಯಾಗಿತ್ತು. ಕುಡಿಯುವ ನೀರಿಗೆ ಸ್ಟೀಲೇ ಇರಲಿ, ನಾ ಹಾಕೂದಿಲ್ಲ ಎಂದು ಶಮಶಾದಬಿ ಕೈಯಲ್ಲಾಡಿಸಿದಳು.

“ನೀರಿಗಲ್ಲವ್ವಾ, ಕಾಳು ತುಂಬಾಕ. ಬರಿದ ಇಟ್ರ ಕೂಸು ಅಳ್ತೈತಿ. ಈ ಸಲ ಕಡ್ಡಿ ನನ್ನ ಕಿವಿಗೂ ಹಿಡಿ. ನಿನ್ನ ಕಿವಿ ಮ್ಯಾಲ ನನಗ ಅರ್ಧ ನಂಬಿಗಿ.”

“ಅರ್ಧ ಅಂದ್ರ ಭಾಳಾತು,” ಎಂದು ಶಮಶಾದಬಿ ನಕ್ಕಳು.

ಇಬ್ಬರೂ ಕರೆಂಟು ಹೋಗುವುದನ್ನೇ ಕಾಯುತ್ತ ಕೂತರು. ಅಷ್ಟು ಬೈಗುಳ ತಿಂದ ಮೇಲೂ ಕಮತಗಿಯಲ್ಲಿ ಮನೆಮನೆಗೆ ಹೇಗೆ ಹೋದಿರಿ ಎಂದು ಕಟ್ಟೆಯ ಅಂಚಿಗೆ ಕೂತಿದ್ದ ನಾನು ಶಮಶಾದಬಿಯನ್ನು ಕೇಳಿದೆ. ಆಕೆ ಸೆರಗಿನಿಂದ ಕೈ ಒರೆಸಿಕೊಂಡು, “ನೋಡವಾ, ನಮ್ಮಪ್ಪ ನನಗ ಕೊಟ್ಟಿದ್ದು ಒಲಿ ಅಲ್ಲ, ಇದ್ದಲಿ ಅಲ್ಲ, ಆಂವ ನನಗ—” ಎನ್ನುತ್ತಿದ್ದಂತೆ ಮಗ್ಗಗಳು ನಿಂತವು. ಶಮಶಾದಬಿ ಕಡ್ಡಿಯನ್ನು ಎತ್ತಿಕೊಂಡು, ಹನಮವ್ವನ ಕೈಹಿಡಿದು ಎಬ್ಬಿಸಿ, ಮಾತನ್ನು ಅಲ್ಲೇ ಬಿಟ್ಟು ಓಣಿಯ ನಡುವಿನ ನಿಶ್ಶಬ್ದದ ಕಡೆಗೆ ನಡೆದಳು. ಕಡ್ಡಿಯನ್ನು ಮೊದಲು ಹನಮವ್ವನ ಕಿವಿಗೆ ಹಿಡಿದಳು.