ಬೀಗಿತ್ತಿ ನೀರಿನ ಚೊಂಬು ಎತ್ತಿಟ್ಟಾಗ

ಮೂರು ವರ್ಷದ ಹಿಂದಿನ ಮಾತು. ಮಗಳು ರಶ್ಮಿಗೆ ಆಲಂಕಾರಿನ ಒಂದು ಸಂಬಂಧ ಕೂಡಿ ಬಂದಿತ್ತು. ಹುಡುಗ ಒಳ್ಳೆಯವನು, ಮಗಳಿಗೂ ಇಷ್ಟ. ಹುಡುಗನ ತಾಯಿ ಸರೋಜಕ್ಕನದ್ದು ಮಾತ್ರ ಬಾಯಿ ಜೋರು ಎಂದು ಮೊದಲೇ ಕೇಳಿದ್ದೆ. ಜೋರು ಬಾಯಿ ನನಗೇನೂ ಹೊಸದಲ್ಲ, ನಾನು ಬೆಟ್ಟಂಪಾಡಿಯಲ್ಲಿ ರಿಕ್ಷಾ ಓಡಿಸುವವನು.

ಅದೇ ಸಮಯಕ್ಕೆ ನನಗೊಂದು ತೊಂದರೆ ಶುರುವಾಗಿತ್ತು. ಗಟ್ಟಿ ಏನಾದರೂ ತಿಂದರೆ ಎದೆಯ ನಡುವೆ ಸಿಕ್ಕಿಕೊಂಡ ಹಾಗೆ ಆಗುತ್ತಿತ್ತು. ನೀರು ಕುಡಿದರೆ ಇಳಿಯುತ್ತಿತ್ತು. ಗ್ಯಾಸ್ ಇರಬೇಕೆಂದು ಮೆಡಿಕಲ್‌ನಿಂದ ಸಿರಪ್ ತಂದು ಕುಡಿದೆ. ದೋಸೆ, ಚಪಾತಿ ಬಿಟ್ಟು ಮೂರು ಹೊತ್ತೂ ಗಂಜಿಗೆ ಬಂದೆ. ನಮ್ಮ ಕಡೆ ಗಂಜಿ ಉಣ್ಣುವವನನ್ನು ಯಾಕೆಂದು ಯಾರೂ ಕೇಳುವುದಿಲ್ಲ. ಹೆಂಡತಿಯಂತೂ "ಈಗಾದರೂ ಬುದ್ಧಿ ಬಂತಲ್ಲ" ಎಂದು ಖುಷಿಪಟ್ಟಳು. ಖಾಕಿ ಅಂಗಿ ಸಡಿಲವಾದಾಗ ಸ್ಟ್ಯಾಂಡಿನವರು "ಮಗಳ ಮದುವೆಗೆ ನೀನೇ ಮದುಮಗನ ಹಾಗೆ ಆಗ್ತಾ ಇದ್ದಿ ಮಾರಾಯ" ಎಂದು ತಮಾಷೆ ಮಾಡಿದರು. ನಾನೂ ನಕ್ಕೆ. ಒಳಗೊಳಗೆ ಮಾತ್ರ ಹೆದರಿಕೆ. ಬಾಯಲ್ಲಿ ಸದಾ ಹೊಗೆಸೊಪ್ಪು ಹಾಕಿದ ಎಲೆಯಡಿಕೆ ಇಟ್ಟುಕೊಳ್ಳುವವನು ನಾನು. ಆದರೆ ಹುಡುಗಿಯ ಅಪ್ಪನಿಗೆ ಕಾಯಿಲೆ ಎಂದು ಸುದ್ದಿಯಾಗಿ ಸಂಬಂಧ ತಪ್ಪಿದರೆ? ಮದುವೆ ಮುಗಿಯಲಿ, ಆಮೇಲೆ ನೋಡುವ ಎಂದು ಸುಮ್ಮನಿದ್ದೆ.

ದಿನ ಗೊತ್ತು ಮಾಡಲು ಆಲಂಕಾರಿಗೆ ಹೋದೆವು. ಮಧ್ಯಾಹ್ನ ಅಕ್ಕಿ ರೊಟ್ಟಿ, ಕೋಳಿ ಸಾರು. ಬೀಗರ ಮನೆಯಲ್ಲಿ ಗಂಜಿ ಕೇಳುವುದು ಹೇಗೆ? ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ, ಸಣ್ಣ ತುಂಡು ಬಾಯಿಗಿಟ್ಟು, ಹಿಂದೆಯೇ ನೀರು ಕುಡಿದೆ. ಮತ್ತೆ ತುಂಡು, ಮತ್ತೆ ನೀರು. ಬಡಿಸುತ್ತಿದ್ದ ಸರೋಜಕ್ಕ ನನ್ನನ್ನೇ ನೋಡುತ್ತಿದ್ದರು. ಇದ್ದಕ್ಕಿದ್ದಂತೆ ಬಂದು ನನ್ನ ಮುಂದಿನ ಚೊಂಬನ್ನೂ ಲೋಟವನ್ನೂ ಎತ್ತಿ ಆಚೆ ಇಟ್ಟರು.

"ನೀರಿಲ್ಲದೆ ಒಂದು ತುಂಡು ತಿನ್ನಿ, ನೋಡುವ."

ಊಟಕ್ಕೆ ಕುಳಿತವರೆಲ್ಲ ಕೈ ನಿಲ್ಲಿಸಿದರು. ನನಗೆ ಪಿತ್ತ ನೆತ್ತಿಗೇರಿತು. "ಎಂತ ಅಕ್ಕ, ಊಟಕ್ಕೆ ಕರೆದು ನೀರಿಗೂ ಲೆಕ್ಕವಾ?" ಎಂದವನೇ ಹಠಕ್ಕೆ ಒಂದು ತುಂಡು ನುಂಗಿದೆ. ಅದು ಎದೆಯಲ್ಲೇ ನಿಂತಿತು. ಕಣ್ಣಲ್ಲಿ ನೀರು ಬಂತು. ಎದ್ದು ಅಂಗಳಕ್ಕೆ ಓಡಿ ಕಕ್ಕಿದೆ. ಅಯ್ಯೋ, ಆ ನಾಚಿಕೆ! ಸಂಬಂಧ ಮುರಿಯಿತು ಎಂದೇ ತಿಳಿದೆ.

ಹಿಂದೆಯೇ ಬಂದ ಸರೋಜಕ್ಕ ಬಾಯಿ ತೊಳೆಯಲು ನೀರು ಕೊಟ್ಟು, "ಎಷ್ಟು ಸಮಯ ಆಯ್ತು ಹೀಗೆ?" ಎಂದರು. ಸ್ವರ ಮೆತ್ತಗಾಗಿತ್ತು. ಗ್ಯಾಸ್ ಎಂದೆ.

"ನನ್ನ ಅಣ್ಣನೂ ಗ್ಯಾಸ್ ಅಂತ ಹೇಳಿಯೇ ದಿನ ದೂಡಿದ್ದು. ಹೀಗೇ, ತುಂಡಿಗೊಂದು ಗುಟುಕು ನೀರು. ಡಾಕ್ಟ್ರ ಹತ್ರ ಹೋಗುವಾಗ ನೀರೂ ಇಳಿತಿರಲಿಲ್ಲ. ಎಂತ ಎಣಿಸ್ತಾನೋ ಅಂತ ನಾವು ಅವನನ್ನು ಕೇಳ್ಲೇ ಇಲ್ಲ. ನಿಮ್ಮನ್ನು ಕೇಳಿದ್ದೇನೆ, ಬೇಜಾರಾದ್ರೆ ಆಗಲಿ."

"ಮದುವೆ..." ಎಂದೆ ನಾನು.

"ಮದುವೆ ಎಲ್ಲಿಗೂ ಓಡಿ ಹೋಗುದಿಲ್ಲ ಮಾರಾಯ್ರೆ. ರಶ್ಮಿ ನಮ್ಮ ಮನೆಗೇ ಬರುದು. ಧಾರೆ ಎರೆಯಲಿಕ್ಕೆ ಅಪ್ಪ ಬೇಡವಾ?"

ಅಲ್ಲೇ ಅತ್ತುಬಿಟ್ಟೆ.

ಮರುದಿನವೇ ಮಗನನ್ನು ಕರೆದುಕೊಂಡು ಅವರೇ ನನ್ನ ಜೊತೆ ಪುತ್ತೂರಿನ ಆಸ್ಪತ್ರೆಗೆ ಬಂದರು. ಡಾಕ್ಟರು ಬಾಯಿಯ ಮೂಲಕ ಸಪೂರ ನಳಿಕೆ ಇಳಿಸಿ ಎಂಡೋಸ್ಕೋಪಿ ಮಾಡಿದರು, ಒಂದು ಚೂರು ತೆಗೆದು ಪರೀಕ್ಷೆಗೆ ಕಳುಹಿಸಿದರು. ಅನ್ನನಾಳದ ಕ್ಯಾನ್ಸರ್. "ಬೇರೆ ಕಡೆ ಹರಡಿಲ್ಲ. ಈಗಲೇ ಬಂದದ್ದು ಒಳ್ಳೆಯದಾಯಿತು. ಹೆಚ್ಚಿನವರು ಗಂಜಿಯೂ ಇಳಿಯದ ಮೇಲೆ ಬರುವುದು" ಎಂದರು ಡಾಕ್ಟರು. ಮಂಗಳೂರಿನಲ್ಲಿ ಕಿಮೋ, ರೇಡಿಯೇಷನ್, ಆಮೇಲೆ ಆಪರೇಷನ್. ಏನೂ ಸುಲಭ ಇರಲಿಲ್ಲ. ಎಲೆಯಡಿಕೆ ಬಿಡುವುದಂತೂ ಅದಕ್ಕಿಂತ ಕಷ್ಟವಾಯಿತು, ಸುಳ್ಳು ಯಾಕೆ ಹೇಳಲಿ. ಮದುವೆ ಮರುವರ್ಷಕ್ಕೆ ಹೋಯಿತು. ಧಾರೆ ನಾನೇ ಎರೆದೆ.

ಈಗ ಸ್ವಲ್ಪ ಸ್ವಲ್ಪವೇ ಉಣ್ಣುತ್ತೇನೆ, ರಿಕ್ಷಾ ಓಡಿಸುತ್ತೇನೆ. ನುಂಗಲು ಕಷ್ಟ ಎಂದು ಯಾರಾದರೂ ಹೇಳಿದರೆ ಸಿರಪ್ ತರಲು ಬಿಡುವುದಿಲ್ಲ, ಬೈದಾದರೂ ಡಾಕ್ಟರ ಬಳಿ ಕರೆದೊಯ್ಯುತ್ತೇನೆ. ನಾಲ್ಕು ಜನರ ಮುಂದೆ ನನ್ನ ಮರ್ಯಾದೆ ತೆಗೆದ ಆ ಹೆಂಗಸಿನ ಋಣ ಈ ಜನ್ಮದಲ್ಲಿ ತೀರುವಂಥದ್ದಲ್ಲ.

ಮೊನ್ನೆ ರಶ್ಮಿ ಫೋನು ಮಾಡಿ, "ಅತ್ತೆ ಎಲ್ಲದಕ್ಕೂ ಮೂಗು ತೂರಿಸ್ತಾರಪ್ಪ. ನಾನು ಎಷ್ಟು ಉಂಡೆ ಅಂತ ಕೂಡ ನೋಡ್ತಾರೆ" ಎಂದು ದೂರಿದಳು.

"ನೋಡಲಿ ಮಗಾ," ಎಂದೆ. "ಅವರು ಹಾಗೆ ನೋಡಿದ್ದಕ್ಕೇ ನಿನ್ನ ದೂರು ಕೇಳಲಿಕ್ಕೆ ಅಪ್ಪ ಇದ್ದಾನೆ."