ಮಾವನವರ ಮಿಲಿಟರಿ ಲಾರಿ

ಬೆಳಿಗ್ಗೆ ಕಬ್ಬಿನ ಟ್ರ್ಯಾಕ್ಟರಿನ ಡೀಸೆಲ್ ಹೊಗೆ ಅಡುಗೆಮನೆಗೆ ನುಗ್ಗಿತು. ಎಲ್ಲರೂ ಮೂಗು ಮುಚ್ಚಿಕೊಂಡರೆ ನಾನೊಬ್ಬಳೇ ಉಸಿರೆಳೆದುಕೊಂಡೆ. ನಗಬೇಡಿ, ಆ ವಾಸನೆ ಬಂದರೆ ನನಗೆ ಮಾವನವರ ನೆನಪಾಗುತ್ತದೆ.

ಎಂಬತ್ತರ ದಶಕದಲ್ಲಿ ನಾನು ಸೊಸೆಯಾಗಿ ಏಕಸಂಬಿಗೆ ಬಂದಾಗ ಅವರು ಮಿಲಿಟರಿಯಿಂದ ನಿವೃತ್ತರಾಗಿ, ಅಲ್ಲಿಯದೇ ಒಂದು ಹಳೆಯ ಲಾರಿಯನ್ನು ಹರಾಜಿನಲ್ಲಿ ತಂದಿದ್ದರು. ಬಾಗಿಲಿಗೆ ಗುಂಡು ತಡೆಯುವ ದಪ್ಪ ತಗಡು, ದೀಪದ ಗೂಡಿನಷ್ಟು ಕಿಟಕಿ. ಹತ್ತಬೇಕಾದರೆ ಸೀರೆ ಮೊಣಕಾಲಿಗೆ ಬರುತ್ತಿತ್ತು. ಹೆಂಗಸರು ಹತ್ತುತ್ತಾರೆಂದು ಅದನ್ನು ಮಾಡಿದವರಿಗೆ ಹೊಳೆದೇ ಇರಲಿಲ್ಲ.

ಆಗ ಮಾವನೆದುರು ಸೊಸೆ ಬಾಯಿ ಬಿಡುವಂತಿರಲಿಲ್ಲ. ಎರಡು ವರ್ಷ ನಾವಿಬ್ಬರೂ ಅತ್ತೆಯ ಮೂಲಕವೇ ಮಾತಾಡಿದ್ದೆವು.

ರಾಯಬಾಗದ ಹತ್ತಿರದ ನನ್ನ ತವರಿನಲ್ಲಿ ತಂಗಿಯ ಮದುವೆ. ಮಳೆ ಹಿಡಿದು ಬಸ್ಸುಗಳು ನಿಂತವು. ಮುಹೂರ್ತದ ಅಕ್ಕಿಕಾಳು ಬೀಳುವ ಹೊತ್ತಿಗೆ ನಾನಲ್ಲಿ ಇರದಿದ್ದರೆ ತಂಗಿ ಅಳುತ್ತಾಳೆಂದು ನಾನೇ ಅಳುತ್ತಿದ್ದೆ. ಮಾವ ಲಾರಿ ತೆಗೆದರು.

"ಆ ಕಪಾಟಿನ್ಯಾಗ ನಾ ಕೂಡಂಗಿಲ್ಲ. ನೀ ಬಸುರಿ ಅದಿ, ಮುಂದ ಕೂಡು," ಎಂದು ಅತ್ತೆ ನನ್ನ ಗಂಡನ ಜೊತೆ ಕೊಡೆ ಹಿಡಿದು ಹಿಂದೆ ಕುಳಿತರು. ನಾನು ಸೆರಗು ಹೊದ್ದು ಮಾವನ ಎಡಕ್ಕೆ ಕುಳಿತೆ.

ಸ್ವಲ್ಪ ದೂರ ಹೋದ ಮೇಲೆ ಮಾವ ಸ್ಟೇರಿಂಗಿಗೆ ಹೇಳತೊಡಗಿದರು. "ಬ್ಯಾರೆ ಲಾರಿಗೆ ಹಿಂದಿನ ಗಾಲಿ ಅಷ್ಟ ಎಳೀತಾವ. ಇದಕ್ಕ ಮುಂದಿನವೂ ಎಳೀತಾವ. ಎಂಥಾ ರಾಡಿ ಇದ್ರೂ ಹಾಯತೈತಿ." ನಾನೂ ಕಿಟಕಿಗೆ "ಹೂಂ" ಅಂದೆ.

ತವರೂರಿನ ಹಳ್ಳದ ಸೇತುವೆಗೆ ಬಂದೆವು. ಆ ತಗಡಿನ ಬಾಗಿಲಾಚೆ ಎಡಗಡೆಯದೇನೂ ಡ್ರೈವರಿಗೆ ಕಾಣುತ್ತಿರಲಿಲ್ಲ. ನನಗೆ ಕಂಡಿತು. ಅಲ್ಲಿ ಸೇತುವೆಯ ಅಂಚು ಕೊಚ್ಚಿಹೋಗಿತ್ತು. ಇದನ್ನು ಕಿಟಕಿಗೆ ಹೇಳಿದರೆ ಆಗುವಂತಿರಲಿಲ್ಲ.

"ಮಾವಾರ, ನಿಲ್ಲಸ್ರಿ! ಎಡಕ ದಾರಿನ ಇಲ್ಲ!"

ಬ್ರೇಕು ಬಿತ್ತು. ಇಳಿದು ನೋಡಿ ಬಂದರು. ಗಾಲಿಗೂ ಹಳ್ಳಕ್ಕೂ ನಡುವೆ ಒಂದು ಗೇಣು. ಮೊದಲ ಸಲ ನನ್ನ ಮುಖ ನೋಡಿ ಹೇಳಿದರು: "ಮಿಲಿಟರಿಯೊಳಗ ಈ ಸೀಟಿನ್ಯಾಂವ ನೋಡಿ ಹೇಳ್ತಿದ್ದ. ಇನ್ನ ನೀ ಹೇಳವಾ, ನಾ ಹೊಡೀತೀನಿ."

ಸೆರಗು ಎಲ್ಲಿ ಜಾರಿತ್ತೋ ಗೊತ್ತಿಲ್ಲ. "ಬಲಕ ತಗೋರಿ, ಇನ್ನೂ ಸ್ವಲ್ಪ, ಹಾಂ ಬರ್ರಿ ಬರ್ರಿ," ಎಂದು ಕೂಗುತ್ತಾ ಸೇತುವೆ ದಾಟಿಸಿದೆ. ತಂಗಿಯ ತಲೆಯ ಮೇಲೆ ನಾನೂ ಅಕ್ಕಿಕಾಳು ಹಾಕಿದೆ. ಅಷ್ಟು ಸಂತೋಷ ನನ್ನ ಮದುವೆಯಲ್ಲೂ ಆಗಿರಲಿಲ್ಲ.

"ಬೀಗ್ರ, ನಿಮ್ಮ ಮಗಳಿಗೆ ಮಾತ ಬರೂದಿಲ್ಲಂತ ತಿಳದಿದ್ದೆ," ಎಂದು ಮಾವ ನಮ್ಮಪ್ಪನ ಮುಂದೆ ನಕ್ಕರು. ಅಂದಿನಿಂದ ಅವರು ತೀರಿಕೊಳ್ಳುವವರೆಗೂ ನಾವಿಬ್ಬರೂ ಮಾತಾಡಿದ್ದೇ ಮಾತಾಡಿದ್ದು.

ಈಗ ಮಗನ ಕಾರಿನಲ್ಲಿ ಕುಳಿತರೂ "ಎಡಕ ತೆಗ್ಗ ಐತಿ ನೋಡು" ಅನ್ನುತ್ತೇನೆ. "ಕನ್ನಡ್ಯಾಗ ಕಾಣತೈತಿ, ಸುಮ್ಮ ಕೂಡಬೇ," ಎಂದು ಅವನು ರೇಗುತ್ತಾನೆ. ರೇಗಲಿ ಬಿಡಿ. ನನಗೆ ಸುಮ್ಮನಿರು ಅನ್ನಲು ಅವನು ಬಹಳ ತಡವಾಗಿ ಬಂದ.